ನಾಲ್ಕನೆಯ ಗುಂಪು

ಪರದೆಯ ಮೇಲಿನ ಇಲಿ ನಿಜವಾದದ್ದಲ್ಲವೆಂದು ಬಸವಲಿಂಗನಿಗೆ ಗೊತ್ತಿತ್ತು. ಆದರೂ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಗುಂಡಿ ಒತ್ತಿ ಅದನ್ನು ಬಿಸಿ ತಟ್ಟೆಯ ಮೇಲೆ ಇಳಿಸುವಾಗಲೆಲ್ಲ ಅವನು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದ. ಲಿಂಗಸುಗೂರಿನ ಈ ಫಾರ್ಮಸಿ ಕಾಲೇಜಿನಲ್ಲಿ ಅವನು ಪಾಠ ಹೇಳಲು ತೊಡಗಿ ಎಂಟು ವರ್ಷವಾಗಿತ್ತು. ತರಗತಿಗೆ ಈಗ ಜೀವಂತ ಇಲಿ ತರುವಂತಿಲ್ಲ. ಕಂಪ್ಯೂಟರಿನಲ್ಲಿ ಬಿಳಿ ಇಲಿಯ ಚಿತ್ರವೊಂದು ತಟ್ಟೆಯ ಮೇಲೆ ನಿಲ್ಲುತ್ತದೆ, ಕೆಲವು ಸೆಕೆಂಡು ಕಳೆದ ಮೇಲೆ ಹಿಂಗಾಲು ಎತ್ತಿ ನೆಕ್ಕುತ್ತದೆ, ನೆಗೆಯುತ್ತದೆ, ಮಾಯವಾಗುತ್ತದೆ. ಮೂಲೆಯಲ್ಲಿ ಒಂದು ಸಂಖ್ಯೆ ಉಳಿಯುತ್ತದೆ. ನೋವಿನ ಔಷಧ ಕೊಟ್ಟ ಇಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಕೊಡದ್ದು ಬೇಗ ಕಾಲೆತ್ತುತ್ತದೆ, ಪಾಠ ಇಷ್ಟೆ. ಹದಿನೈದು ಸೆಕೆಂಡಾದರೂ ಎತ್ತದಿದ್ದರೆ ಇಲಿಯನ್ನು ತಟ್ಟೆಯಿಂದ ತೆಗೆದುಬಿಡಬೇಕು, ಇಲ್ಲವಾದರೆ ಅದರ ಅಂಗಾಲು ಸುಡುತ್ತದೆ. ಮುಂದಿನ ಸಾಲಿನಲ್ಲಿದ್ದ ಜ್ಯೋತಿ ಎಂಬ ಹುಡುಗಿ ಬರೆಯುವುದನ್ನು ನಿಲ್ಲಿಸಿ ಎದ್ದು ನಿಂತಳು. "ಸರ್, ಹದಿನೈದಾದ್ರೂ ಕಾಲು ಎತ್ತಲಿಲ್ಲ ಅಂದ್ರ ಔಷಧ ಭಾಳ ಛಲೋ ಐತಿ ಅಂತ ತಿಳ್ಕೋಬೇಕೇನ್ರಿ?" ಹೌದೆಂದು ಅವನು ತಲೆಯಾಡಿಸಿದ. ಹುಡುಗಿ ಕೂರಲಿಲ್ಲ. "ಅದರ ಕಾಲು ಸತ್ತು ಹೋಗಿದ್ರರೀ? ಬಿಸಿ ಹತ್ತಿದ್ದು ಗೊತ್ತಾಗದಿದ್ರನೂ ನಿಂತೇ ಇರತೈತಿ ಅಲ್ರೀ?" ಹಿಂದಿನ ಸಾಲಿನವರು ನಕ್ಕರು. ಬಸವಲಿಂಗ, "ಪರೀಕ್ಷೆಗೆ ಅದು ಬರೋದಿಲ್ಲ, ಕೂತ್ಕೋ" ಅಂದ. ತನ್ನ ದನಿ ಅಷ್ಟು ಗಡುಸಾಗಿ ಬಂದದ್ದು ಹುಡುಗಿಗಿಂತ ಮೊದಲು ಅವನಿಗೇ ತಿಳಿಯಿತು. ಅವಳ ಕಿವಿ ಕೆಂಪಾದದ್ದನ್ನು ನೋಡಿ ಇನ್ನಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಅದುರಿ ಅಂಚಿಗೆ ಸರಿಯತೊಡಗಿತ್ತು.

ಮುಕ್ಕುಂದದಿಂದ ಅಕ್ಕನ ಗಂಡ ಜಂಬಣ್ಣ. "ಬಸಲಿಂಗ, ನಿಮ್ಮಕ್ಕ ಕೆಂಡ ತುಳದಾಳ. ಗಾಬರಿ ಆಗಬ್ಯಾಡ. ಬಾಜೂಕಿನ ಹೊಲದವರು ಭತ್ತ ಕೊಯ್ದು ಹುಲ್ಲು ಸುಟ್ಟಿದ್ರು. ಮ್ಯಾಲ ಬೂದಿ, ಒಳಗ ಕೆಂಡ. ಕಾಲುವಿ ಕೆಸರಾಗ ಚಪ್ಲಿ ಕಳಚಿದ್ದು ಈಕಿಗೆ ಗೊತ್ತಾಗಿಲ್ಲ, ಬರಿಗಾಲಾಗ ಅದರ ಮ್ಯಾಲ ಹಾದು ಬಂದಾಳ. ಮನಿಗಿ ಬಂದು ಕಟ್ಟಿ ಹತ್ತಿದಾಗ ಪೀರ್‌ಬೀ ನೋಡ್ಯಾಳ, ಕಟ್ಟಿ ತುಂಬ ಹಸಿ ಹೆಜ್ಜಿ. ನಾಳಿಗೆ ರಾಯಚೂರಿಗೆ ಗಡ್ಡಿ ಔಷಧದ ಡೋಸಿಗೆ ಹೋಗೋದೈತಿ. ನಾಳೇನ ನಮ್ಮ ಹೊಲಕ್ಕ ಕೊಯ್ಯೋ ಮಷೀನು ಬರ್ತೈತಿ, ನಾ ಬಿಟ್ಟು ಬರಂಗಿಲ್ಲ. ನೀ ಕರ್ಕೊಂಡು ಹೋಗು." ಅಕ್ಕ ಹೇಗಿದ್ದಾಳೆಂದು ಬಸವಲಿಂಗ ಕೇಳಿದ. "ಅಕಿಗೇನಾಗೇತಿ? ಒಟ್ಟ ಉರಿ ಇಲ್ಲಂತ. ಕುಂತು ನಗಾಕತ್ತಾಳ."

ನಗುತ್ತಿದ್ದಾಳೆ ಎಂಬ ಮಾತು ಬಸ್ಸಿನಲ್ಲೂ ಅವನನ್ನು ಬಿಡಲಿಲ್ಲ. ಮಸ್ಕಿಯವರೆಗೆ ತೊಗರಿ, ಹತ್ತಿ, ಬಂಡೆ ಗುಡ್ಡಗಳು. ಮಸ್ಕಿ ನಿಲ್ದಾಣದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಹೆಂಗಸೊಬ್ಬಳು ತನ್ನ ಗಂಟನ್ನು ಕೇಳದೆಯೇ ಅವನ ಕಾಲ ಮೇಲಿಟ್ಟು ನೀರು ಕುಡಿಯಲು ಇಳಿದು ಹೋದಳು. ಕಾಲು ಜೋಮು ಹಿಡಿದರೂ ಅವನು ಗಂಟನ್ನು ಸರಿಸಲಿಲ್ಲ. ಅಲ್ಲಿಂದ ಮುಂದೆ ಎಲ್ಲೋ ನೆಲದ ಬಣ್ಣ ಬದಲಾಗಿ, ಕಾಲುವೆ ಕಾಣಿಸಿ, ಸಿಂಧನೂರಿನ ಅಕ್ಕಿ ಗಿರಣಿಗಳ ಹೊಟ್ಟಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಊರಿನವರಿಗೆಲ್ಲ ಅದು ಸುಗ್ಗಿಯ ವಾಸನೆ. ಅವನಿಗೆ ಇಲಿಗಳ ವಾಸನೆ. ಪಂಜರಗಳ ತಳದಲ್ಲಿ ಹಾಸುತ್ತಿದ್ದದ್ದು ಭತ್ತದ ಹೊಟ್ಟು. ಸಂಶೋಧನೆಗೆ ಹೋದ ದೂರದ ಕಾಲೇಜಿನಲ್ಲಿ ಮೊದಲ ದಿನ ಆ ಕೋಣೆಯ ಬಾಗಿಲು ತೆರೆದಾಗ, ಹೊಟ್ಟಿನ ಚೀಲದ ಮೇಲೆ ಸಿಂಧನೂರಿನ ಹೆಸರು ಕಂಡು ಅವನಿಗೆ ಮನೆಗೆ ಬಂದಷ್ಟು ಸಮಾಧಾನವಾಗಿತ್ತು. ಇಪ್ಪತ್ತನಾಲ್ಕು ಇಲಿ, ಆರರಂತೆ ನಾಲ್ಕು ಗುಂಪು. ಮೊದಲ ಗುಂಪು ಆರೋಗ್ಯವಾಗಿದ್ದವು. ಎರಡನೆಯದಕ್ಕೆ ಕ್ಯಾನ್ಸರಿಗೆ ಕೊಡುವ ಔಷಧದ ಇಂಜೆಕ್ಷನ್ ಮಾತ್ರ. ಅದು ಗಡ್ಡೆಯನ್ನು ಕೊಲ್ಲುವಾಗ ಕೈಕಾಲಿನ ತುದಿಯ ನರಗಳನ್ನೂ ಸುಡುತ್ತದೆ. ಮೂರನೆಯದಕ್ಕೆ ಅದೇ ಇಂಜೆಕ್ಷನ್, ಜೊತೆಗೆ ಹಳ್ಳಿಯವರು ನೋವಿಗೆ ಬಳಸುವ ಲಕ್ಕಿ ಸೊಪ್ಪಿನ ರಸ ಸ್ವಲ್ಪ. ನಾಲ್ಕನೆಯದಕ್ಕೆ ಲಕ್ಕಿ ರಸ ಹೆಚ್ಚು. ಆರೋಗ್ಯವಂತ ಇಲಿ ಬಿಸಿ ತಟ್ಟೆಯ ಮೇಲೆ ಎಂಟೊಂಬತ್ತು ಸೆಕೆಂಡಿಗೆ ಕಾಲೆತ್ತುತ್ತಿತ್ತು. ನರ ಕೆಟ್ಟು ಉರಿಯುತ್ತಿದ್ದ ಎರಡನೆಯ ಗುಂಪಿನವು ನಾಲ್ಕಕ್ಕೇ ಎತ್ತುತ್ತಿದ್ದವು. ನಾಲ್ಕನೆಯ ಗುಂಪಿನವು ಎತ್ತಲೇ ಇಲ್ಲ. ಆರಕ್ಕೆ ಆರೂ ಹದಿನೈದು ಸೆಕೆಂಡು ನಿಂತವು, ಮೀಸೆ ಅಲ್ಲಾಡಿಸುತ್ತ, ತಮಗೆ ಸಂಬಂಧವಿಲ್ಲದ ಯಾವುದೋ ಸದ್ದಿಗೆ ಕಿವಿಗೊಟ್ಟಂತೆ. ಅವನೇ ಕೈ ಹಾಕಿ ತೆಗೆಯಬೇಕಾಯಿತು.

ಮಾರ್ಗದರ್ಶಕರು ಪಟ್ಟಿ ನೋಡಿ ಅವನ ಬೆನ್ನು ತಟ್ಟಿದ್ದರು. ಅಂಗಾಲು ನೋಡಿದವನು ನರಸಣ್ಣ ಒಬ್ಬನೇ, ಪಂಜರ ತೊಳೆಯುವ ಆಳು. ಒಂದು ಇಲಿಯನ್ನು ಅಂಗೈಯಲ್ಲಿ ಮಗುಚಿ ಹಿಡಿದು, "ಸರ್, ಬೊಬ್ಬಿ ಎದ್ದಾವ ನೋಡ್ರಿ. ಉರಿ ಗೊತ್ತಾಗಿದ್ರ ಇವು ಎತ್ತತಿದ್ದಿಲ್ಲೇನ್ರಿ?" ಅಂದಿದ್ದ. ಉಳಿದ ಐದನ್ನೂ ಬಸವಲಿಂಗ ಮಗುಚಿ ನೋಡಿದ. ಆರೋಗ್ಯವಂತ ಇಲಿಗಿಂತ ಕೆಟ್ಟ ನರದ ಇಲಿ ಹೆಚ್ಚು ಹೊತ್ತು ನಿಲ್ಲುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಆ ಹನ್ನೆರಡು ಹಿಂಗಾಲುಗಳಲ್ಲಿತ್ತು. ಲಕ್ಕಿ ರಸ ನರವನ್ನು ಉಳಿಸಿರಲಿಲ್ಲ, ಅದು ಪೂರ್ತಿ ಸತ್ತಿತ್ತು. "ನಿನ್ನ ಕೆಲಸ ನೋಡ್ಕೋ ಹೋಗು" ಎಂದು ಅವನು ನರಸಣ್ಣನಿಗೆ ಹೇಳಿದ. ನರಸಣ್ಣ ಹೋಗಿ ತನ್ನ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ತಂದು, ಮಾತಿಲ್ಲದೆ, ಒಂದೊಂದೇ ಇಲಿಯ ಕಾಲಿಗೆ ಹಚ್ಚಿದ. ಪ್ರಬಂಧ ಒಪ್ಪಿಸಲು ಎರಡು ತಿಂಗಳಷ್ಟೇ ಉಳಿದಿತ್ತು. ಒಂದು ಅಂಕಿಯನ್ನೂ ಅವನು ತಿದ್ದಲಿಲ್ಲ. ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಅವನು ಈ ಮಾತಿನ ಆಸರೆಗೆ ಹೋಗಿದ್ದಾನೆ: ಒಂದು ಅಂಕಿಯನ್ನೂ ತಿದ್ದಿಲ್ಲ. ಬೊಬ್ಬೆಯ ವಿಷಯ ಬರೆಯಲಿಲ್ಲ, ಅಷ್ಟೆ. ಸಂಶೋಧನಾ ಪತ್ರಿಕೆಯಲ್ಲಿ ಲೇಖನ ಅಚ್ಚಾಯಿತು. ಸಿಂಧನೂರಿನ ಪತ್ರಿಕೆಯೊಂದು ಅವನ ಫೋಟೊ ಹಾಕಿ 'ನರಬೇನೆಗೆ ಲಕ್ಕಿ ಸೊಪ್ಪಿನ ಮದ್ದು: ಮುಕ್ಕುಂದ ಯುವಕನ ಸಾಧನೆ' ಎಂದು ಬರೆಯಿತು. ಅಕ್ಕ ಪಾರ್ವತೆಮ್ಮ ಅದನ್ನು ಕತ್ತರಿಸಿ ಇಟ್ಟುಕೊಂಡಳು.

ಪಾರ್ವತೆಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ತಲೆಯ ಮೇಲೆ ಸೆರಗು, ಅದರಡಿ ಕೂದಲಿಲ್ಲ. ಪಕ್ಕದ ಮನೆಯ ಪೀರ್‌ಬೀ ಬಲಗಾಲಿನ ಪಟ್ಟಿ ಬಿಚ್ಚಿ ಮುಲಾಮು ಹಚ್ಚುತ್ತಿದ್ದಳು. ಅಂಗಾಲಿನ ಅರ್ಧ ಚರ್ಮ ಸುಲಿದು ಬಂದಿತ್ತು. ಹಸಿ ಮಾಂಸದ ಮೇಲೆ ಪೀರ್‌ಬೀಯ ಬೆರಳು ಓಡಾಡುವಾಗ ಪಾರ್ವತೆಮ್ಮ ತಮ್ಮನ ಮುಖ ನೋಡುತ್ತಿದ್ದಳು, ಬೇರೆ ಯಾರದೋ ಕಾಲಿಗೆ ಉಪಚಾರ ನಡೆದಿದೆ ಎಂಬಂತೆ. "ಬಂದೆಲ್ಲ ತಮ್ಮ. ಸುಮ್ನ ನಿಮ್ಮ ಮಾಮ ಗಾಬರಿ ಮಾಡ್ಯಾನ." "ಕೆಂಡ ತುಳದ್ರೂ ಹಾಯ್ ಅನ್ನಲಿಲ್ಲಪ್ಪ ನಿಮ್ಮಕ್ಕ," ಎಂದಳು ಪೀರ್‌ಬೀ. "ನಾ ಹೌಹಾರಿ ಕೂಗಿದೆ, ಅಕಿ ನಗ್ತಾಳ. ಮೊಹರಂನಾಗ ಅಲಾಯಿ ಕುಣಿ ಕೆಂಡ ಹಾಯೋರಿಗೂ ಇಷ್ಟು ಧೈರ್ಯ ಇರಂಗಿಲ್ಲ." ಪಾರ್ವತೆಮ್ಮನ ಮುಖದಲ್ಲಿ ನಾಚಿಕೆಯಂಥ ಹೆಮ್ಮೆ ಕಾಣಿಸಿತು. "ಧೈರ್ಯ ಎಲ್ಲಿಂದ ಬರಬೇಕ? ಎರಡನೇ ಡೋಸ್ ಆದಾಗ ಹಾಸಿಗಿ ಮ್ಯಾಲಿನ ದುಪ್ಪಟಿ ತಗಲಿದ್ರ ಸೈತ ಕಾಲು ಉರೀತಿದ್ವು. ಮೆಣಸಿನಕಾಯಿ ಅರೆದು ಹಚ್ಚಿದಂಗ. ಈಗ ನೋಡು, ಒಟ್ಟ ಇಲ್ಲ. ನಿನ್ನ ಔಷಧ ಹತ್ತಿತು ತಮ್ಮ. ಇಲಿಗೆ ಹತ್ತಿದ್ದು ಮನಷ್ಯಾಗ ಹತ್ತಂಗಿಲ್ಲೇನು?"

ಮಳೆಗಾಲದ ಕೊನೆಗೆ ಅವಳು ಫೋನು ಮಾಡಿದ್ದಳು. ಎದೆಯ ಗಡ್ಡೆಯ ಆಪರೇಷನ್ ಆಗಿ, ಮೊದಲಿನ ನಾಲ್ಕು ಡೋಸು ಮುಗಿದು, ಎರಡನೆಯ ತರದ ಔಷಧದ ನಾಲ್ಕು ಡೋಸು ಶುರುವಾದ ಹೊಸತು. ಬೆರಳ ತುದಿ ಜುಮುಜುಮು ಅನ್ನುತ್ತಿವೆ, ನೀನು ಇಲಿಗೆ ಕೊಟ್ಟಿದ್ದೆಯಲ್ಲ ಲಕ್ಕಿ ಸೊಪ್ಪು, ಅದನ್ನ ನಾನೂ ಕುಡಿಯಲೇ ಎಂದು ಕೇಳಿದ್ದಳು. ಅವನು ಕಾಲೇಜಿನ ಜೊತೆಗಾರರೊಂದಿಗೆ ಚಹಾ ಕುಡಿಯುತ್ತಿದ್ದ. ಇಲ್ಲ ಎನ್ನಬೇಕಿದ್ದರೆ ಯಾಕೆಂದು ಹೇಳಬೇಕಿತ್ತು. "ಕುಡಿಯಕ್ಕ, ಕೆಡುಕೇನಿಲ್ಲ" ಎಂದು ಹೇಳಿ ಫೋನಿಟ್ಟು ಅದೇ ಚಹಾ ಕುಡಿದು ಮುಗಿಸಿದ್ದ. ಈಗ ಅವನು ಕಟ್ಟೆಯ ಅಂಚಿಗೆ ಕೂತು ಕೇಳಿದ: "ಕಾಲು ಗೊತ್ತಾಗಂಗಿಲ್ಲ ಅಂತ ಡಾಕ್ಟರಿಗೆ ಹೇಳೀಯೇನು?" ಪಾರ್ವತೆಮ್ಮ ದನಿ ತಗ್ಗಿಸಿದಳು. ಪ್ರತಿ ಸಲವೂ ಡಾಕ್ಟರಮ್ಮ ಕೇಳುತ್ತಾಳೆ, ಕೈಕಾಲು ಜುಮ್ಮೆನ್ನುತ್ತವೆಯೇ ಎಂದು. ಪ್ರತಿ ಸಲವೂ ಇವಳು ಇಲ್ಲ ಎಂದಿದ್ದಾಳೆ. "ಹೌದಂದ್ರ ಡೋಸು ಕಮ್ಮಿ ಮಾಡ್ತಾರಂತ. ಕಮ್ಮಿ ಮಾಡಿದ್ರ ಗಡ್ಡಿ ಮತ್ತ ಬರ್ತೈತಿ. ಹೆಂಗೂ ನಿನ್ನ ಔಷಧ ಐತೆಲ್ಲ, ಅದು ನೋಡ್ಕೋತೈತಿ ಬಿಡು ಅಂತ ಸುಮ್ನಾದೆ. ಇನ್ನ ಒಂದ ಉಳದೈತಿ. ನಾಳಿಗೆ ಮುಗದು ಹೋಗತೈತಿ."

ಪೀರ್‌ಬೀ ಹೊಸ ಪಟ್ಟಿ ಸುತ್ತಿ, ಹಾಗೆಯೇ ಪಾರ್ವತೆಮ್ಮನ ಬೆನ್ನಿಗೆ ಹೋಗಿ ಸೆರಗಿನ ಮರೆಯಲ್ಲಿ ಕುಪ್ಪಸದ ಕಳಚಿದ್ದ ಗುಂಡಿಯೊಂದನ್ನು ಹಾಕಿದಳು. ಅದು ನಿತ್ಯದ ಕೆಲಸವೆಂಬಂತೆ ಇಬ್ಬರೂ ಮಾತು ನಿಲ್ಲಿಸಲಿಲ್ಲ. ಬಸವಲಿಂಗ ಬೇರೆ ಕಡೆ ನೋಡಿದ. ಗುಂಡಿ ಹಾಕಿಕೊಳ್ಳಲಾಗದ ಅಕ್ಕನ ಈ ಕೈಗಳು ಕೌದಿ ಹೊಲಿಯುತ್ತಿದ್ದವು. ಜೋಳದ ಕಾಳಿನಷ್ಟು ದೂರಕ್ಕೊಂದು ಹೊಲಿಗೆ, ದೀಪವಿಲ್ಲದಿದ್ದರೂ ತಪ್ಪುತ್ತಿರಲಿಲ್ಲ. ಅವನು ಹಾಸ್ಟೆಲಿಗೆ ಒಯ್ದ ಕೌದಿಯ ಮೂಲೆಯಲ್ಲಿ ಅವಳು ಅವನ ಹೆಸರಿನ ಮೊದಲಕ್ಷರ ಹೊಲಿದಿದ್ದಳು, ಬೇರೆಯವರು ಒಯ್ಯಬಾರದೆಂದು. ಹುಡುಗರು ಅದನ್ನು ನೋಡಿ ನಕ್ಕದ್ದಕ್ಕೆ ಅವನು ಬ್ಲೇಡಿನಿಂದ ದಾರ ಕತ್ತರಿಸಿ ತೆಗೆದಿದ್ದ. ರಜೆಗೆ ಬಂದಾಗ ಅವಳು ಮೂಲೆ ಮುಟ್ಟಿ ನೋಡಿದ್ದಳು, ಕೇಳಿರಲಿಲ್ಲ.

ಸಂಜೆ ಹಿತ್ತಲಿನ ನೀರೊಲೆಯ ಮೇಲೆ ಲಕ್ಕಿ ಸೊಪ್ಪು ಕುದಿಯಿತು. ಜಂಬಣ್ಣ ಇನ್ನೂ ಹೊಲದಲ್ಲಿದ್ದ. ಒಲೆಯ ಮುಂದೆ ಅಕ್ಕ ತಮ್ಮ ಇಬ್ಬರೇ. ಹೇಳುವುದಿದ್ದರೆ ಈಗ ಹೇಳಬೇಕೆಂದು ಅವನಿಗೆ ತಿಳಿದಿತ್ತು. ಮಾತುಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಅಕ್ಕ, ಆ ಇಲಿಗಳಿಗೆ ವಾಸಿಯಾಗಿರಲಿಲ್ಲ. ಇಷ್ಟು ಸಾಕು. ಅಷ್ಟರಲ್ಲಿ ಅವಳು ಸ್ಟೀಲ್ ಲೋಟವನ್ನು ಎರಡೂ ಕೈಯಿಂದ ಹಿಡಿದು, ಹಿಡಿತ ಸರಿಯಿದೆಯೇ ಎಂದು ಕಣ್ಣಿಂದ ನೋಡಿ ನೋಡಿ, ಬಾಯಿಗೆ ಎತ್ತಿದಳು. ಹಬೆ ಏಳುತ್ತಿದ್ದ ಲೋಟ. "ಇವತ್ತು ಬ್ಯಾಡಕ್ಕ" ಅಂದ. ಅವಳು ಲೋಟ ಇಳಿಸಿದಳು. "ಯಾಕ?" ಅವಳ ಕಣ್ಣಲ್ಲಿ ಅನುಮಾನದ ಎಳೆಯೂ ಇರಲಿಲ್ಲ, ಡಾಕ್ಟರರ ಎದುರು ಕೂತವಳ ವಿಧೇಯತೆ ಇತ್ತು. ಅದನ್ನು ನೋಡಿಯೇ ಅವನ ಬಾಯಿ ಬೇರೆ ಮಾತು ಆಡಿತು: "ಡೋಸಿನ ಹಿಂದಿನ ದಿನ ಕುಡಿಬಾರದು." ಪಾರ್ವತೆಮ್ಮ ನಾಲಿಗೆ ಕಚ್ಚಿಕೊಂಡಳು. "ಮೊದಲ ಹೇಳಿದ್ರ ಹಿಂದಿನ ಸಲಾನೂ ಬಿಡತಿದ್ದೆ ನೋಡು. ತಡಿ, ಕರೆಮ್ಮಗೂ ಹೇಳತೀನಿ. ನಾಳಿಗೆ ಅಕೀದೂ ಐತಿ." ಕರೆಮ್ಮ ಯಾರೆಂದು ಅವನು ಕೇಳುವ ಮೊದಲೇ ಅವಳು ಫೋನಿನ ಗಾಜಿನ ಮೇಲೆ ಬೆರಳು ಒತ್ತತೊಡಗಿದ್ದಳು. ಒತ್ತಿದ್ದು ತಾಕಿತೋ ಇಲ್ಲವೋ ತಿಳಿಯದೆ ಮತ್ತೆ ಮತ್ತೆ ಒತ್ತಿದಳು. ಕೊನೆಗೆ ಫೋನನ್ನು ಅವನ ಕೈಗೆ ಕೊಟ್ಟಳು. ಅವನೇ ಆ ಹೆಸರು ಹುಡುಕಿ ಹಚ್ಚಿಕೊಟ್ಟ. "ಕರೆಮ್ಮಾ, ನಾ ಮುಕ್ಕುಂದದಾಕಿ. ಇವತ್ತು ಸೊಪ್ಪಿನ ನೀರು ಕುಡಿಬ್ಯಾಡವ್ವ. ನನ್ನ ತಮ್ಮ ಬಂದಾನ, ಅವನ ಹೇಳ್ಯಾನ." ಫೋನು ಇಟ್ಟು ತಿಳಿಸಿದಳು: ಪಾಮನಕಲ್ಲೂರಿನ ಕುರಿ ಕಾಯುವವರ ಹೆಂಗಸು, ವಾರ್ಡಿನಲ್ಲಿ ಬಾಜೂಕಿನ ಹಾಸಿಗೆ, ಇವಳಿಗಿಂತ ಹತ್ತು ವರ್ಷ ಸಣ್ಣವಳು, ಇವಳದೇ ಔಷಧ, ಎರಡು ಡೋಸಾಗಿದೆ. ಅವಳಿಗೂ ಕಾಲು ಉರಿ ಇತ್ತು. ಪೇಪರಿನ ತುಂಡು ತೋರಿಸಿ ಸೊಪ್ಪು ಕೊಟ್ಟದ್ದು ಇವಳೇ. ಲೋಟದ ಕಷಾಯವನ್ನು ಬಚ್ಚಲಿಗೆ ಚೆಲ್ಲಿ ಬಂದ ಬಸವಲಿಂಗನಿಗೆ, ತಾನು ಇವತ್ತು ಒಂದು ಸುಳ್ಳನ್ನು ಹಿಂತೆಗೆದುಕೊಳ್ಳಲು ಬಂದು ಇನ್ನೊಂದನ್ನು ಬಿತ್ತಿದೆನೆಂಬುದು ತಿಳಿದಿತ್ತು; ಆದರೂ ಊಟಕ್ಕೆ ಕೂತಾಗ ಹಸಿವು ಇತ್ತು.

ಮುಂಜಾನೆ ಅವನು ಹಲ್ಲುಜ್ಜಿ ಬರುವಾಗ ದೇವರ ಕೋಣೆಯಲ್ಲಿ ಪಾರ್ವತೆಮ್ಮ ಲಿಂಗಪೂಜೆಗೆ ಕೂತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ, ಹಣೆಗೆ ವಿಭೂತಿ. ಅವನು ಸಣ್ಣವನಿದ್ದಾಗಿನಿಂದ ನೋಡಿದ ಕೂರುವಿಕೆ. ಆಗ ಅವಳ ಕಣ್ಣು ಮುಚ್ಚಿರುತ್ತಿದ್ದವು, ಎಷ್ಟು ಕರೆದರೂ ತೆರೆಯುತ್ತಿರಲಿಲ್ಲ. ಈಗ ಅವಳು ಕಣ್ಣು ಮುಚ್ಚುವಳು, ಎರಡು ಉಸಿರಿನಷ್ಟು ಹೊತ್ತಿಗೆ ತೆರೆದು ಅಂಗೈ ನೋಡುವಳು, ಮತ್ತೆ ಮುಚ್ಚುವಳು. ಬಾಗಿಲಲ್ಲಿ ಅವನ ನೆರಳು ಕಂಡು ಸಂಕೋಚದಿಂದ ನಕ್ಕಳು. "ಕಣ್ಣು ಮುಚ್ಚಿದ್ರ ಕೈಯಾಗ ಏನೂ ಇಲ್ಲದಂಗಾಗ್ತೈತಿ. ಬಿದ್ದು ಗಿದ್ದೀತು ಅಂತ ಅಂಜಿಕಿ." ಬಸವಲಿಂಗ ಅಲ್ಲಿಂದ ಬೇಗ ಸರಿದ. ಅಂಗಳದಲ್ಲಿ ನಿಂತು, ನಿನ್ನೆ ಅವಳ ಸುಟ್ಟ ಕಾಲನ್ನು ನೋಡಿದಾಗ ಆಗದ ನಾಚಿಕೆ ಈಗ ಯಾಕಾಗುತ್ತಿದೆ ಎಂದು ಯೋಚಿಸಿದ. ಪ್ರಬಂಧದಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ.

ರಾಯಚೂರಿನ ಆಸ್ಪತ್ರೆಯ ಉದ್ದ ಮೊಗಸಾಲೆಯಲ್ಲಿ ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಇವರನ್ನು ಕಂಡದ್ದೇ ಎದ್ದು ನಿಂತಳು. ಎಲುಬಿನ ಮೇಲೆ ತೊಗಲು ಎಳೆದಂಥ ಮುಖ, ಮೊಣಕೈವರೆಗೆ ಹಚ್ಚೆ. "ಅಕ್ಕಾ, ಇವರೇನು ಇಲಿ ಸರ್?" ಬೆಂಚಿನ ಮೇಲಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಪಾರ್ವತೆಮ್ಮ ಹೂಂ ಅಂದಳು, ಮಗನನ್ನು ತೋರಿಸುವವಳ ಹಾಗೆ. ಕರೆಮ್ಮ ಬಗ್ಗಿ ಅವನ ಕಾಲು ಮುಟ್ಟಲು ಬಂದಳು. ಅವನು ಹಿಂದೆ ಸರಿದದ್ದರಿಂದ ಅವಳ ಕೈ ನೆಲ ಮುಟ್ಟಿತು. "ನಿಮ್ಮ ಪುಣ್ಯಾರಿ. ಕುರಿ ಹಿಂದ ಅಡ್ಡಾಡಬೇಕಾದ್ರ ಉರಿಗೆ ಅಳತಿದ್ದೆ. ಈಗ ಕಮ್ಮಿ ಆಗಾಕತ್ತೈತ್ರಿ. ಬೆರಳೆಲ್ಲ ಕಟಿಗಿ ಆದಂಗ ಆಗ್ಯಾವ, ಆದ್ರ ಉರಿ ಇಲ್ಲ." ಅವಳು ಸೊಂಟದ ಸೆರಗಿನಿಂದ ಸೊಪ್ಪಿನ ಸಣ್ಣ ಗಂಟು ತೆಗೆದು ತೋರಿಸಿದಳು. "ಇವತ್ತಿನ ಡೋಸ್ ಆದ ಮ್ಯಾಲ ಮತ್ತ ಕುಡಿಬೇಕಲ್ರೀ?" ಡಾಕ್ಟರಿಗೆ ಈ ಸಂಗತಿ ಹೇಳಿದ್ದೀಯಾ ಎಂದು ಅವನು ಕೇಳಿದ. ಕರೆಮ್ಮ ಪಾರ್ವತೆಮ್ಮನ ಕಡೆ ನೋಡಿ, "ಅಕ್ಕ ಹೇಳಬ್ಯಾಡಂದಾಳ" ಅಂದಳು. ಆಗಲೇ ಒಳಗಿನಿಂದ ಪಾರ್ವತೆಮ್ಮನ ಹೆಸರು ಕೂಗಿದರು.

ಡಾಕ್ಟರಮ್ಮ ಅವನಿಗಿಂತ ಸಣ್ಣವಳು. ಪಟ್ಟಿ ಬಿಚ್ಚಿಸಿ ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಅಮ್ಮಾ, ಇಷ್ಟು ಸುಟ್ಟೈತಿ. ತುಳಿದಾಗ ಉರಿ ಗೊತ್ತಾಗಲಿಲ್ಲೇನು?" "ಗೊತ್ತಾತ್ರಿ. ದಾಟಿ ಬಿಡೋಣ ಅಂತ ಬಂದೆ." ಡಾಕ್ಟರಮ್ಮ ಎಡಗಾಲನ್ನು ಮಂಚದ ಮೇಲೆ ಇರಿಸಿಕೊಂಡು, ಕಣ್ಣು ಮುಚ್ಚಲು ಹೇಳಿ, ಅರಳೆಯ ತುದಿ ಹಿಡಿದಳು. "ನಾ ಮುಟ್ಟಿದಾಗ ಹೂಂ ಅನ್ರಿ." ಅವಳು ಹೆಬ್ಬೆರಳು ಮುಟ್ಟಿದಳು. ಪಾರ್ವತೆಮ್ಮ ಸುಮ್ಮನಿದ್ದಳು. ಕಿರುಬೆರಳು ಮುಟ್ಟಿದಳು, ಹಿಮ್ಮಡಿ ಮುಟ್ಟಿದಳು. ಕೋಣೆಯ ಮೌನ ಉದ್ದವಾದದ್ದರಿಂದ ಅನುಮಾನ ಬಂದಿರಬೇಕು, ಪಾರ್ವತೆಮ್ಮ "ಹೂಂ" ಅಂದಳು. ಅರಳೆ ಆಗ ಡಾಕ್ಟರಮ್ಮನ ಕೈಯಲ್ಲಿ ಗಾಳಿಯಲ್ಲಿತ್ತು. ಸ್ವಲ್ಪ ತಡೆದು ಮತ್ತೊಮ್ಮೆ "ಹೂಂ". ಆಮೇಲೆ ಲಯ ಹಿಡಿದವಳಂತೆ ಒಂದೇ ಅಂತರದಲ್ಲಿ ಹೂಂ, ಹೂಂ. ಯಾರೂ ಮುಟ್ಟಿರಲಿಲ್ಲ. ಮುಚ್ಚಿದ ರೆಪ್ಪೆಯ ಸಂದಿಯಿಂದ ಅವಳು ನೋಡಲು ಯತ್ನಿಸುತ್ತಿದ್ದುದನ್ನು ಬಸವಲಿಂಗ ಕಂಡ. ಇಲಿಗಳು ಅವನಿಗೆ ಸುಳ್ಳು ಹೇಳಿರಲಿಲ್ಲ. ಅವು ಹೇಳಿದ್ದನ್ನು ಅವನು ಬರೆದುಕೊಂಡಿರಲಿಲ್ಲ. ನಲವತ್ತೆಂಟು ವರ್ಷದ ಅಕ್ಕ ಶಾಲೆಯ ಹುಡುಗಿಯ ಹಾಗೆ ನಕಲು ಮಾಡಿ ಪಾಸಾಗಲು ಹೊರಟಿದ್ದಳು, ಆ ಬರೆಯದ ಒಂದು ಸಾಲಿನಿಂದಾಗಿ.

"ಎಷ್ಟು ದಿನಾತು ಹಿಂಗಾಗಿ?" ಎಂದು ಡಾಕ್ಟರಮ್ಮ ಅರಳೆ ಎಸೆದು ಕೇಳಿದಳು. "ನಿನ್ನಿಯಿಂದ ರೀ." "ನಾಟಿ ಔಷಧ ಏನಾರ ತಗೊಂಡೀರಿ?" ಪಾರ್ವತೆಮ್ಮ ತಮ್ಮನ ಕಡೆ ಒಂದು ಸಲ ನೋಡಿದಳು. ಸುಮ್ಮನಿರು, ನಿನ್ನ ಮರ್ಯಾದೆ ನಾನು ಕಾಯುತ್ತೇನೆ ಎಂಬ ನೋಟ. "ಇಲ್ಲರೀ. ನಮಗ್ಯಾಕ ಅವೆಲ್ಲ." ಆ ಸುಳ್ಳಿನೊಳಗೆ ಅವನಿಗೆ ಬೇಕಾದಷ್ಟು ಜಾಗವಿತ್ತು, ಅಲ್ಲೇ ಕೂತುಬಿಡಬಹುದಿತ್ತು. ಬಾಗಿಲಿನ ಆಚೆ ಕರೆಮ್ಮ ಯಾರೊಂದಿಗೋ ಮಾತಾಡುವುದು ಕೇಳಿಸುತ್ತಿತ್ತು. "ಮೂರೂ ಡೋಸಿನಿಂದ ಹಿಂಗ ಐತ್ರಿ" ಎಂದು ಬಸವಲಿಂಗ ಹೇಳಿದ. "ಮೊದಲು ಜುಮುಜುಮು, ಆಮ್ಯಾಲ ಉರಿ, ಈಗ ಏನೂ ಗೊತ್ತಾಗಂಗಿಲ್ಲ. ಲಕ್ಕಿ ಸೊಪ್ಪಿನ ಕಷಾಯ ಕುಡೀತಾಳ. ನಾನ ಹೇಳಿದ್ದು." ಮತ್ತೆ ನಿಲ್ಲಿಸಲಾಗಲಿಲ್ಲ. ನಾಲ್ಕನೆಯ ಗುಂಪು, ಹದಿನೈದು ಸೆಕೆಂಡು, ಆರು ಇಲಿ, ಬೊಬ್ಬೆ, ಎಲ್ಲ ಹೇಳಿದ. ಅವಕ್ಕೆ ವಾಸಿಯಾಗಿರಲಿಲ್ಲ, ನರ ಸತ್ತಿತ್ತು ಎಂದು ಹೇಳಿದ. ಡಾಕ್ಟರಮ್ಮ ಕೇಳಿದ್ದು ಒಂದೇ ಮಾತು: "ಬೊಬ್ಬೆ ಬಂದದ್ದು ಲೇಖನದಾಗ ಐತೇನ್ರಿ?" "ಇಲ್ಲ." ಅವಳು ಕಾಗದದ ಕಡೆ ತಿರುಗಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಈ ಔಷಧ ಇವತ್ತು ಕೊಡೋದಿಲ್ಲಮ್ಮ. ಬೇರೆ ದಾರಿ ಅದಾವ, ನೋಡೋಣ. ಗಡ್ಡಿ ಬರ್ತೈತಿ ಅಂತ ಅಂಜಬ್ಯಾಡ್ರಿ. ಸ್ಪರ್ಶ ಸ್ವಲ್ಪ ಸ್ವಲ್ಪ ತಿರುಗಿ ಬರಬಹುದು, ತಿಂಗಳುಗಟ್ಟಲೆ ಬೇಕು, ವರ್ಷಾನೂ ಆಗಬಹುದು. ಪೂರ್ತಿ ಬರ್ತೈತಿ ಅಂತ ನಾ ಮಾತು ಕೊಡಂಗಿಲ್ಲ. ಎರಡನೇ ಡೋಸಿಗೇ ಹೇಳಿದ್ರ..." ಪಾರ್ವತೆಮ್ಮ ಗೋಡೆ ನೋಡುತ್ತಿದ್ದಳು. "ಈ ಸೊಪ್ಪು ಮತ್ತ ಯಾರಿಗಾರ ಕೊಟ್ಟೀರೇನು?" ಎಂದು ಡಾಕ್ಟರಮ್ಮ ಕೇಳಿದಳು. ಕರೆಮ್ಮನ ಹೆಸರನ್ನು ಅವನೇ ಹೇಳಿದ.

ಹೊರಗೆ ಕರೆಮ್ಮನಿಗೂ ಅವನೇ ಹೇಳಬೇಕಾಯಿತು. ನರ್ಸ್ ಬಾಗಿಲಲ್ಲಿ ನಿಂತಿದ್ದಳು, ಬೆಂಚಿನವರು ಕಿವಿ ತೆರೆದಿದ್ದರು. ಆ ಸೊಪ್ಪು ಮದ್ದಲ್ಲ, ಕಟ್ಟಿಗೆಯಂತಾಗಿರುವುದು ವಾಸಿಯಾದದ್ದರ ಗುರುತಲ್ಲ, ಒಳಗೆ ಹೋಗಿ ಎಲ್ಲ ಹೇಳು ಎಂದ. ಕರೆಮ್ಮ ಪೂರ್ತಿ ಕೇಳಿಸಿಕೊಂಡಳು. ಅವನನ್ನು ಏನೂ ಕೇಳಲಿಲ್ಲ. ಅವನಾಚೆ ಪಾರ್ವತೆಮ್ಮನನ್ನು ನೋಡಿದಳು. "ಅಕ್ಕಾ, ನಿನಗ ಗೊತ್ತಿತ್ತೇನು?" ಪಾರ್ವತೆಮ್ಮನ ಮುಖ ಇಷ್ಟೂ ಹೊತ್ತು ಹಿಡಿದಿದ್ದುದನ್ನು ಬಿಟ್ಟಿತು. "ಇಲ್ಲವ್ವ. ನಮ್ಮವ್ವನಾಣಿ, ಇಲ್ಲ." ಕರೆಮ್ಮ ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಸೊಪ್ಪಿನ ಗಂಟನ್ನು ಬೆಂಚಿನ ಮೇಲೆ, ಪಾರ್ವತೆಮ್ಮನ ಪಕ್ಕ, ಮೆಲ್ಲಗೆ ಇಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಪಾರ್ವತೆಮ್ಮ ಅದನ್ನು ತೆಗೆದುಕೊಳ್ಳಲೂ ಇಲ್ಲ, ಸರಿಸಲೂ ಇಲ್ಲ.

ಬಸ್ಸು ಮಾನವಿ ದಾಟುವಾಗ ಅವನು ನೀರಿನ ಬಾಟಲಿ ಕೊಟ್ಟರೆ ಅವಳು ಬೇಡವೆಂದು ತಲೆಯಾಡಿಸಿದಳು. ತಾನು ಸತ್ಯ ಹೇಳಿದೆ ಎಂಬ ಒಂದು ಸಣ್ಣ ಸಮಾಧಾನ ಅವನೊಳಗೆ ಎಲ್ಲೋ ಮೂಡಿತ್ತು. ಎಂಟು ವರ್ಷದ ಮೇಲೆ ಹಗುರಾದಂತೆಯೂ ಇತ್ತು. ಸಂಶೋಧನಾ ಪತ್ರಿಕೆಗೆ ಬರೆದು ಲೇಖನವನ್ನೇ ಹಿಂತೆಗೆದುಕೊಳ್ಳಬೇಕು, ಕೆಲಸ ಹೋದರೆ ಹೋಗಲಿ ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದ. ಆ ವಾಕ್ಯಗಳು ಚೆನ್ನಾಗಿ ಬರುತ್ತಿರುವುದು ಅವನಿಗೆ ಹಿತವಾಗಿತ್ತು. ಆಗ ಪಾರ್ವತೆಮ್ಮ ಕಿಟಕಿಯ ಕಡೆ ಮುಖವಿಟ್ಟೇ ಕೇಳಿದಳು: "ನಿನ್ನಿ ಸಂಜಿಕ ಒಲಿ ಮುಂದ ನಾ ಒಬ್ಬಾಕೇ ಇದ್ನೆಲ್ಲ?" ಅವನು ಹೂಂ ಅಂದ. "ಆಗ ಡೋಸಿನ ಹಿಂದಿನ ದಿನ ಕುಡಿಬಾರದಂತ ಹೇಳಿದಿ. ನಾ ಅದನ್ನ ಕರೆಮ್ಮಗೂ ಹೇಳಿದೆ." ಎದುರಿನಿಂದ ಭತ್ತದ ಲಾರಿ ಹಾದುಹೋಯಿತು, ಅದು ಹೋಗುವವರೆಗೆ ತಡೆದಳು. "ನನಗ ಹೇಳಿದ್ರ ನಾ ಏನು ಮಾಡತಿದ್ದೆ? ಎರಡು ಮಾತು ಬೈಯತಿದ್ದೆ. ಅಳತಿದ್ದೆ. ಮುಂಜಾನೆದ್ದು ನಾನ ಹೋಗಿ ಡಾಕ್ಟರಿಗೂ ಹೇಳತಿದ್ದೆ, ಕರೆಮ್ಮಗೂ ಹೇಳತಿದ್ದೆ. ನಿನಗ ಅದು ಬ್ಯಾಡಾತು. ಕಲಿತೋರ ಮುಂದ ಹೇಳಿದ್ರ ನಿನ್ನ ಎದಿ ಹಗರ ಆಗ್ತೈತಿ. ನಾ ಹತ್ತು ಮಂದಿ ಮುಂದ ಸುಳ್ಳಾಕಿ ಆದೆ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಮನೆಗೆ ಹೋಗಿ ಏನು ಅಡಿಗೆ ಮಾಡಬೇಕೆಂದು ಹೇಳುವ ದನಿ. ಅಕ್ಕ ಅನ್ನಲು ಅವನು ಬಾಯಿ ತೆರೆದ. "ಸುಮ್ನ ಕೂಡು" ಎಂದಳು.

ಸಿಂಧನೂರು ನಿಲ್ದಾಣದಲ್ಲಿ ಜನ ಇಳಿಯಲು ನೂಕಾಡಿದರು. ಬಸವಲಿಂಗ ಮೊದಲು ಎದ್ದು, ಬಾಗಿಲ ಹತ್ತಿರ ಹೋಗಿ, ತಿರುಗಿ ಅಕ್ಕನಿಗೆ ಕೈ ಚಾಚಿದ. ಪಾರ್ವತೆಮ್ಮ ಸೀಟಿನಿಂದ ಸೀಟಿಗೆ ಆತುಕೊಂಡು ಪಟ್ಟಿ ಸುತ್ತಿದ ಕಾಲನ್ನು ನೋಡಿ ನೋಡಿ ಇಡುತ್ತ ಅಲ್ಲಿಗೆ ಬಂದಳು, ನಿಂತಳು. ಮೆಟ್ಟಿಲು ಎತ್ತರವಿತ್ತು. ಚಾಚಿದ ಕೈ ಅವಳ ಎದುರಿಗೇ ಇತ್ತು. ಅವಳು ಅದರ ಆಚೆ, ಕೆಳಗೆ ನಿಂತು ಜನರನ್ನು ಇಳಿಸುತ್ತಿದ್ದ ಕಂಡಕ್ಟರನ ಕಡೆ ನೋಡಿದಳು. "ಏ ಅಪ್ಪಾ, ನನಗ ಕಾಲು ಗೊತ್ತಾಗಂಗಿಲ್ಲ. ಒಂದೀಟು ಕೈ ಹಿಡಿದು ಇಳಸು." ಕಂಡಕ್ಟರ್ ಬಸವಲಿಂಗನನ್ನು ಮೇಲಿನಿಂದ ಕೆಳಗೆ ನೋಡಿದ. "ಇವರು ನಿಮ್ಮವರಲ್ಲೇನ್ರಿ?"

"ನನ್ನ ತಮ್ಮ" ಎಂದಳು ಪಾರ್ವತೆಮ್ಮ. "ನೀ ಹಿಡಿ."

ಕಂಡಕ್ಟರ್ ಟಿಕೆಟ್ ಮಷೀನನ್ನು ಬಗಲಿಗೆ ಸಿಕ್ಕಿಸಿ, ಎರಡೂ ಕೈ ಕೊಟ್ಟು ಅವಳನ್ನು ಇಳಿಸಿಕೊಂಡ. ಮುಕ್ಕುಂದದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಅವಳು ಅವನನ್ನೇ ಕೇಳಿದಳು; ಅವನು ಬೆರಳು ತೋರಿಸಿದ, ಆಮೇಲೆ ಮನಸ್ಸು ಬದಲಿಸಿ ಅವಳ ರಟ್ಟೆ ಹಿಡಿದು ತಾನೇ ಆ ಕಡೆ ನಡೆಸಿಕೊಂಡು ಹೊರಟ. ನಾಲ್ಕು ಹೆಜ್ಜೆ ಹೋಗಿ ತಿರುಗಿ ಕೂಗಿದ: "ಸರ್, ಅಮ್ಮನ ಚೀಲ ಸೀಟಿನ್ಯಾಗ ಉಳದೈತಿ ನೋಡ್ರಿ, ತಗೊಂಡು ಬರ್ರಿ." ಇಳಿಯುವವರು ಇನ್ನೂ ಇದ್ದರು. ಬಸವಲಿಂಗ ಅವರಿಗೆ ದಾರಿ ಬಿಟ್ಟು, ಒಬ್ಬೊಬ್ಬರೂ ಇಳಿದು ಮುಗಿಯುವವರೆಗೆ ಪಕ್ಕಕ್ಕೆ ಸರಿದು ನಿಂತು, ಆಮೇಲೆ ಚೀಲ ತರಲು ಒಳಗೆ ಹೋದ.